ಮೊದಲು ಕಪ್ಪು ಎಲ್ಲಿದೆ ನೋಡಿ, ಗೆರೆ ಆಮೇಲೆ: ಬೀದರಿನಲ್ಲಿ ಕೂತು ಸ್ಕೆಚ್ ಮಾಡುವವರಿಗೆ

ಚಿತ್ರ ಬರೆಯಲು ಕೂತ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಹೊರಗೆರೆ ಎಳೆಯುತ್ತಾರೆ. ಸರಿ ಬಂತಾ ಅಂತ ನೋಡುತ್ತಾರೆ, ಅಳಿಸುತ್ತಾರೆ, ಮತ್ತೆ ಎಳೆಯುತ್ತಾರೆ, ಕೊನೆಗೆ ಹೊತ್ತು ಉಳಿದರೆ ಒಂದು ಪಕ್ಕಕ್ಕೆ ಒಂದಿಷ್ಟು ಪೆನ್ಸಿಲ್ ಉಜ್ಜಿ, ಬೆರಳಿಂದ ಸವರಿ, ‘ಶೇಡಿಂಗ್ ಆಯ್ತು’ ಅಂತ ಎದ್ದುಬಿಡುತ್ತಾರೆ. ಶಾಲೆಯಲ್ಲಿ ಕಲಿತದ್ದೂ ಹಾಗೇ, ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ತಯಾರಾದದ್ದೂ ಹಾಗೇ. ಅಂಕ ಬರುತ್ತೆ. ಚಿತ್ರ ಮಾತ್ರ ಹಾಳೆಗೆ ಅಂಟಿಕೊಂಡು ಚಪ್ಪಟೆಯಾಗಿ ಕೂತಿರುತ್ತೆ.

ನನ್ನ ಪ್ರಕಾರ ಈ ಕ್ರಮವನ್ನೇ ತಿರುಗಿಸಬೇಕು. ಕಪ್ಪು ಎಲ್ಲಿ, ಬಿಳಿ ಎಲ್ಲಿ ಅನ್ನೋದು ಮೊದಲು ತೀರ್ಮಾನ ಆಗಲಿ. ಗೆರೆ ಆಮೇಲೆ ಬರಲಿ, ಅದೂ ಬೇಕಾದ ಕಡೆ ಮಾತ್ರ. ಯಾಕಂದ್ರೆ ನಮ್ಮ ಕಣ್ಣೆದುರಿನ ವಸ್ತುಗಳಿಗೆ ಗೆರೆಯೇ ಇಲ್ಲ. ಗೋಡೆಯ ಅಂಚಿಗೆ ಯಾರೂ ಗೆರೆ ಎಳೆದಿಟ್ಟಿಲ್ಲ. ಬಿಸಿಲು ಬಿದ್ದ ಮೈ ಮುಗಿದು ನೆರಳಿನ ಮೈ ಶುರುವಾಗುವ ಜಾಗವನ್ನು ನಾವು ಗೆರೆ ಅಂತ ಓದಿಕೊಳ್ಳುತ್ತೇವೆ, ಅಷ್ಟೇ. ಹಾಗಾಗಿ ಟೋನ್ ಗೊತ್ತಾದರೆ ಗೆರೆ ಎಲ್ಲಿ ಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ಬರೀ ಗೆರೆ ಗೊತ್ತಿದ್ದರೆ ಟೋನ್ ಗೊತ್ತಾಗಲ್ಲ.

ಟೋನ್ ಅಂದರೆ ದೊಡ್ಡ ವಿಷಯ ಏನಲ್ಲ. ಒಂದು ಜಾಗ ಎಷ್ಟು ತಿಳಿ, ಎಷ್ಟು ಗಾಢ ಅನ್ನೋ ಅಳತೆ. ಬಣ್ಣ ಯಾವುದು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇದನ್ನು ಕಲಿಯಲು ಬೀದರಿನಷ್ಟು ಒಳ್ಳೆಯ ಊರು ನಮ್ಮ ಕಡೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಕಲಬುರಗಿಯವರು ಒಪ್ಪದಿರಬಹುದು. ಕೋಟೆಯೊಳಗಿನ ಜಾಮಿ ಮಸೀದಿ ಅವರ ಬಳಿ ಇದೆ. 1367ರ ಕಟ್ಟಡ, ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ, ಒಳಗೆ ಕಮಾನಿನ ಹಿಂದೆ ಕಮಾನು. ಅದೂ ಒಳ್ಳೆಯ ಪಾಠವೇ. ಆದರೆ ಶುರು ಮಾಡುವವರಿಗೆ ಸ್ವಲ್ಪ ಕಷ್ಟ.

ಸಾಮಾನು

ಜಾಸ್ತಿ ಬೇಡ. ಎಚ್‌ಬಿ, 2ಬಿ, 6ಬಿ ಪೆನ್ಸಿಲ್ ಒಂದೊಂದು, ಒಂದು ಕಪ್ಪು ಬಾಲ್ ಪೆನ್, ಒಂದು ರಬ್ಬರ್, ಕೈಯಲ್ಲಿ ಹಿಡಿಯುವಷ್ಟು ಸ್ಕೆಚ್ ಬುಕ್. ಪೆನ್ಸಿಲ್ ಒಳಗಿರೋದು ಸೀಸ ಅಂತ ಬಾಯಲ್ಲಿ ಹೇಳುತ್ತೇವೆ, ನಿಜಕ್ಕೂ ಅದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಜೇಡಿಮಣ್ಣು ಜಾಸ್ತಿ ಆದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ಗ್ರಾಫೈಟ್ ಜಾಸ್ತಿ ಆದಷ್ಟೂ ಮೆತ್ತಗೆ, ಕಪ್ಪು. ಎಚ್‌ಬಿಯನ್ನು ಎಷ್ಟು ಒತ್ತಿದರೂ 6ಬಿ ಕಪ್ಪು ಬರಲ್ಲ, ಹಾಳೆ ತಗ್ಗು ಬೀಳುತ್ತೆ ಅಷ್ಟೇ. ಇನ್ನೊಂದು ವಿಷಯ, 6ಬಿಯನ್ನು ಪದರದ ಮೇಲೆ ಪದರ ಹಚ್ಚಿದರೆ ಹೊಳಪು ಬಂದು ಕಪ್ಪೇ ಬೂದು ಕಾಣುತ್ತೆ. ನಿಜವಾದ ಗಾಢ ಕಪ್ಪು ಬೇಕು ಅಂದರೆ ಚಾರ್ಕೋಲ್ ತಗೊಳ್ಳಿ.

ಬೆರಳಿಂದ ಸವರೋದನ್ನು ದಯವಿಟ್ಟು ಬಿಡಿ. ಬೆರಳಿನ ಜಿಡ್ಡು ಹಾಳೆಗೆ ಹತ್ತಿದರೆ ಆಮೇಲೆ ಅಲ್ಲಿ ಪೆನ್ಸಿಲ್ ಹಿಡಿಯಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಸವರಿದ ಕೂಡಲೇ ಎಲ್ಲ ಟೋನೂ ಒಂದೇ ನಡುಬೂದಿಗೆ ಬಂದು ನಿಲ್ಲುತ್ತೆ.

ಮನೆಯಲ್ಲಿ: ಮಡಕೆ ಮತ್ತು ಕಿಟಕಿ

ಹೊರಗೆ ಹೋಗುವ ಮೊದಲು ಇಷ್ಟು ಮಾಡಿ. ಒಂದು ಮಣ್ಣಿನ ಮಡಕೆಯನ್ನು ಕಿಟಕಿ ಪಕ್ಕ ಇಡಿ. ಲೈಟ್ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಬೇಕು. ಸ್ಟೀಲ್ ತಂಬಿಗೆ ಇಡಬೇಡಿ, ಅದು ಇಡೀ ಕೋಣೆಯನ್ನೇ ಮೈಮೇಲೆ ತೋರಿಸುತ್ತೆ, ಕಪ್ಪಿನ ಪಕ್ಕದಲ್ಲೇ ಬಿಳಿ ಕುಣಿಯುತ್ತಿರುತ್ತೆ, ಹೊಸಬರಿಗೆ ತಲೆ ಕೆಡುತ್ತೆ. ಮಡಕೆಯದು ಮಂಕು ಮೈ, ಬೆಳಕು ಅದರ ಮೇಲೆ ನಿಧಾನಕ್ಕೆ ತಿರುಗುತ್ತೆ.

ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ಬಿಸಿಲಲ್ಲಿ ದೂರದ ಬಸ್ಸಿನ ಬೋರ್ಡ್ ಓದುವಾಗ ಮಾಡುತ್ತೇವಲ್ವಾ, ಹಾಗೆ. ಸಣ್ಣಪುಟ್ಟ ಕಲೆ, ಗೀರು ಎಲ್ಲ ಮಾಯವಾಗಿ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಕಿಟಕಿ ಕಡೆಯ ತಿಳಿ ಮೈ. ಅದರ ಪಕ್ಕ ನಡುಬೂದಿ. ಅದು ದಾಟಿದ ಮೇಲೆ ಒಂದು ಗಾಢ ಪಟ್ಟೆ. ಇಲ್ಲಿ ನಿಂತು ಗಮನಿಸಿ: ಮಡಕೆಯಲ್ಲಿ ಅತಿ ಕಪ್ಪು ಇರೋದು ತೀರಾ ಅಂಚಿನಲ್ಲಲ್ಲ, ಅಂಚಿಗಿಂತ ಸ್ವಲ್ಪ ಒಳಗೆ. ಅಂಚಿನ ಹತ್ತಿರ ನೆಲದಿಂದಲೋ ಗೋಡೆಯಿಂದಲೋ ತಿರುಗಿ ಬಂದ ಬೆಳಕು ಬಿದ್ದು ಮತ್ತೆ ಸ್ವಲ್ಪ ತಿಳಿಯಾಗಿರುತ್ತೆ. ಇದನ್ನು ಕಂಡುಹಿಡಿದ ಖುಷಿಯಲ್ಲಿ ಎಲ್ಲರೂ ಅಲ್ಲಿ ರಬ್ಬರ್ ಹಾಕಿ ಬಿಳಿ ಮಾಡಿಬಿಡುತ್ತಾರೆ. ಮಾಡಬೇಡಿ. ತಿರುಗಿ ಬಂದ ಬೆಳಕು ಎಷ್ಟೇ ಇದ್ದರೂ ಅದು ನೆರಳಿನ ಮನೆಯ ಸದಸ್ಯ, ಬೆಳಕಿನ ಕಡೆಯ ಯಾವ ಟೋನಿಗಿಂತಲೂ ಗಾಢವಾಗೇ ಇರಬೇಕು. ಈ ಒಂದು ನಿಯಮ ಹಿಡಿದರೆ ಮಡಕೆ ಅರ್ಧ ಗೆದ್ದ ಹಾಗೆ.

ಇನ್ನು ಮಡಕೆ ನೆಲಕ್ಕೆ ತಾಗುವ ಜಾಗ. ಅಲ್ಲಿ ಒಂದು ಕೂದಲೆಳೆಯಷ್ಟು ಕಪ್ಪು ಇರುತ್ತೆ, ಇಡೀ ದೃಶ್ಯದಲ್ಲೇ ಅದಕ್ಕಿಂತ ಕಪ್ಪು ಇನ್ನೊಂದಿಲ್ಲ. ಅದನ್ನು ಬಿಟ್ಟರೆ ಮಡಕೆ ಗಾಳಿಯಲ್ಲಿ ತೇಲುತ್ತೆ.

ಹಾಳೆಯ ಮೂಲೆಯಲ್ಲಿ ಐದು ಚೌಕ ಹಾಕಿಕೊಳ್ಳಿ. ಒಂದನೆಯದು ಬರೀ ಹಾಳೆ, ಐದನೆಯದು ನಿಮ್ಮ ಕೈಲಾದಷ್ಟು ಕಪ್ಪು. ನಡುವಿನ ಮೂರನ್ನು ಸಮ ಸಮ ಮೆಟ್ಟಿಲಾಗುವಂತೆ ತುಂಬಿ. ಮೊದಲ ಸಲ ಎರಡು, ಮೂರು, ನಾಲ್ಕು ಎಲ್ಲ ಒಂದೇ ಥರ ಬರುತ್ತವೆ, ನಾಲ್ಕನೆಯದನ್ನು ಇನ್ನೂ ಗಾಢ ಮಾಡಲು ಕೈ ಹೆದರುತ್ತೆ. ಹೆದರಬೇಡಿ. ಅಳತೆಗೆ ನಮ್ಮ ಕಡೆ ಮನೆ ಮನೆಯಲ್ಲೂ ಒಂದು ವಸ್ತು ಇದೆ: ಶಹಾಬಾದ್ ಕಲ್ಲಿನ ನೆಲ. ಒಣಗಿದ ಕಲ್ಲಿನ ಮೇಲೆ ಒಂದು ಬೊಗಸೆ ನೀರು ಚೆಲ್ಲಿ ನೋಡಿ. ಕಲ್ಲು ಅದೇ, ಬೂದು ಬಣ್ಣವೂ ಅದೇ, ಟೋನ್ ಮಾತ್ರ ಎರಡು ಮೆಟ್ಟಿಲು ಕೆಳಗೆ ಇಳಿದಿರುತ್ತೆ. ಅಷ್ಟು ಅಂತರ ನಿಮ್ಮ ಎರಡನೆಯ ಮತ್ತು ನಾಲ್ಕನೆಯ ಚೌಕದ ನಡುವೆ ಇದ್ದರೆ ಸಾಕು.

ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಬಹುದಾ ಅಂತ ಕೇಳುತ್ತಾರೆ. ನೋಡಬಹುದು, ಹೋಲಿಸಲು. ಆದರೆ ಈಗಿನ ಫೋನ್‌ಗಳು ನೆರಳನ್ನು ತಾವೇ ತಿಳಿ ಮಾಡಿ ತೋರಿಸುತ್ತವೆ, ಅದನ್ನೇ ನಂಬಿ ಬರೆದರೆ ಚಿತ್ರದಲ್ಲಿ ಕಪ್ಪೇ ಇರಲ್ಲ.

ಮದರಸಾ ಎದುರು: ಬೆಂಕಿಪೊಟ್ಟಣದಷ್ಟು ಚಿತ್ರ

ಬೀದರಿನಲ್ಲಿ ಚೌಬಾರಾದಿಂದ ಕೋಟೆ ಕಡೆ ಹೋಗುವಾಗ ಮಹಮೂದ್ ಗವಾನ್ ಮದರಸಾ ಸಿಗುತ್ತೆ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ಸಾಲು ಸಾಲು ಕಮಾನು. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಇರೋದು ಒಂದೇ. ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ ಒಳಗಿಟ್ಟಿದ್ದ ಮದ್ದುಗುಂಡು ಸಿಡಿದು ಇನ್ನೊಂದು ಮಿನಾರು, ಬಾಗಿಲ ಭಾಗ ಎಲ್ಲ ಹೋದವು. ಚಿತ್ರಕ್ಕೆ ಅದೇ ಲಾಭ ಅಂತ ಹೇಳೋದು ಸ್ವಲ್ಪ ಕ್ರೂರ, ಆದರೆ ಒಂದು ಕಡೆ ಎತ್ತರದ ಮಿನಾರು, ಇನ್ನೊಂದು ಕಡೆ ಮುರಿದ ಗೋಡೆ ಇರೋದರಿಂದ ಹಾಳೆಯ ಮೇಲೆ ಅದು ಎರಡೂ ಕಡೆ ಒಂದೇ ಥರ ಕಾಣೋ ಕಟ್ಟಡಗಳಿಗಿಂತ ಚೆನ್ನಾಗಿ ಕೂರುತ್ತೆ.

ಇದರ ಮುಖ ಪೂರ್ವಕ್ಕೆ. ಇದು ನಮಗೆ ಮುಖ್ಯ. ಬೆಳಗ್ಗೆ ಹೋದರೆ ಬಿಸಿಲು ನೇರ ಮುಖಕ್ಕೆ ಬಿದ್ದಿರುತ್ತೆ. ಗೋಡೆ ತಿಳಿ, ಕಮಾನಿನ ಒಳಗೆ ಕಪ್ಪು, ಆಕಾಶ ಅವೆರಡರ ನಡುವೆ. ಸಂಜೆ ಹೋದರೆ ಎಲ್ಲ ಉಲ್ಟಾ. ಸೂರ್ಯ ಕಟ್ಟಡದ ಹಿಂದೆ ಇರುತ್ತಾನೆ, ಇಡೀ ಮುಖ ಗಾಢ, ಕಮಾನುಗಳು ಗೋಡೆಯಲ್ಲೇ ಕರಗಿರುತ್ತವೆ, ಆಕಾಶ ಬಿಳಿ. ಅದೇ ಕಟ್ಟಡ, ಅದೇ ಗೆರೆಗಳು, ಒಂದು ಕಮಾನೂ ಜಾಗ ಬಿಟ್ಟು ಕದಲಿಲ್ಲ. ಆದರೂ ಬೆಳಗಿನ ಚಿತ್ರ ನೋಡಿದವರು ‘ಎಷ್ಟು ಕಮಾನು!’ ಅಂತಾರೆ, ಸಂಜೆಯದನ್ನು ನೋಡಿದವರು ‘ಎಷ್ಟು ದೊಡ್ಡದು!’ ಅಂತಾರೆ. ಕಟ್ಟಡ ಏನು ಅಂತ ಗೆರೆ ಹೇಳಿತು. ಅದರ ಎದುರು ನಿಂತಾಗ ಹೇಗನ್ನಿಸುತ್ತೆ ಅಂತ ಟೋನ್ ಹೇಳಿತು.

ಮಾಡಬೇಕಾದ್ದು ಇಷ್ಟು. ಬೆಂಕಿಪೊಟ್ಟಣದಷ್ಟು ಒಂದು ಚೌಕ ಹಾಕಿ. ಅದರೊಳಗೆ ಮೂರೇ ಟೋನ್: ಹಾಳೆಯ ಬಿಳಿ, ಒಂದು ಬೂದು, ಒಂದು ಕಪ್ಪು. ಕಣ್ಣು ಕಿರಿದು ಮಾಡಿ ಪ್ರತಿ ಜಾಗವೂ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತೆ ಅಂತ ನಿರ್ಧರಿಸಿ. ನಡುವೆ ಬರೋದನ್ನು ಆ ಕಡೆಗೋ ಈ ಕಡೆಗೋ ತಳ್ಳಿ. ಇಲ್ಲಿ ಪೆನ್ಸಿಲನ್ನು ಮಲಗಿಸಿ ಹಿಡಿಯಿರಿ, ಮೊನೆಯಿಂದ ಬರೆಯಬೇಡಿ, ಮೊನೆ ಸಿಕ್ಕರೆ ಕೈ ಮತ್ತೆ ಹೊರಗೆರೆಗೇ ಓಡುತ್ತೆ. ಒಂದು ಚೌಕ ಮುಗಿಯಲು ಐದು ನಿಮಿಷ ಸಾಕು. ಬೆಳಗ್ಗೆ ಒಂದು, ಸಂಜೆ ಒಂದು ಮಾಡಿ ಪಕ್ಕ ಪಕ್ಕ ಇಡಿ.

ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹೆಂಚುಗಳು ನಿಮ್ಮನ್ನು ಕರೆಯುತ್ತವೆ. ನೀಲಿ, ಹಳದಿ, ಬಿಳಿ, ಅಡ್ಡಡ್ಡ ಅಂಕುಡೊಂಕು ಸಾಲು. ಒಂದೊಂದನ್ನೂ ಬರೆಯಬೇಕು ಅನಿಸುತ್ತೆ. ಬರೆದರೆ ಮಿನಾರು ದುಂಡಗೆ ಕಾಣಲ್ಲ, ಪಟ್ಟೆ ಬಟ್ಟೆ ಚಪ್ಪಟೆಯಾಗಿ ನೇತುಹಾಕಿದ ಹಾಗೆ ಕಾಣುತ್ತೆ. ಮೊದಲು ಮಿನಾರನ್ನು ಮಡಕೆ ಅಂತ ತಿಳಿಯಿರಿ. ಚಳಿಗಾಲದ ಬೆಳಗ್ಗೆ ಎದುರು ನಿಂತರೆ ಬಿಸಿಲು ನಿಮ್ಮ ಎಡದಿಂದ ಬರುತ್ತೆ, ಬಲಕ್ಕೆ ಹೋದಂತೆ ಮೈ ಗಾಢವಾಗುತ್ತೆ. ಆ ತಿರುವು ಬಂದ ಮೇಲೆ, ಬೆಳಕು ನೆರಳು ಸೇರುವ ಪಟ್ಟಿಯಲ್ಲಿ ಮಾತ್ರ ನಾಲ್ಕು ಹೆಂಚು ತೋರಿಸಿ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತೆ. ಕಡುನೀಲಿ ಹೆಂಚು ಗಾಢ ಟೋನ್, ಹಳದಿ ತಿಳಿ ಟೋನ್ ಅನ್ನೋದು ನೆನಪಿರಲಿ. ಆದರೆ ನೆರಳಿನ ಕಡೆಯ ಹಳದಿ ಬಿಸಿಲಿನ ನೀಲಿಗಿಂತ ಗಾಢವಾಗಿರಬಹುದು. ನಂಬಿಕೆ ಬರಲ್ಲ, ಕಣ್ಣು ಕಿರಿದು ಮಾಡಿದರೆ ಬರುತ್ತೆ.

ಅಂದಹಾಗೆ, ಇಲ್ಲಿ ಕೂತರೆ ಹಿಂದೆ ಯಾರಾದರೂ ಬಂದು ನಿಂತೇ ನಿಲ್ಲುತ್ತಾರೆ. ‘ಏನ್ ತಗೀಲತ್ತೀರಿ ಸರ್?’ ಅಂತ ಕೇಳುತ್ತಾರೆ. ತೋರಿಸಿ. ಏನು ಅಂತ ಅವರಿಗೆ ಆ ಬೆಂಕಿಪೊಟ್ಟಣದ ಚಿತ್ರದಲ್ಲೇ ಗೊತ್ತಾದರೆ ನಿಮ್ಮ ಟೋನ್ ಸರಿ ಇದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಈಗ ಗೆರೆ: ಅಷ್ಟೂರಿನಲ್ಲಿ

ಊರಿನಿಂದ ಪೂರ್ವಕ್ಕೆ ಸುಮಾರು 3 ಕಿ.ಮೀ. ಹೋದರೆ ಅಷ್ಟೂರು. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಸುತ್ತ ಬಯಲು, ಮೇಲೆ ಗುಮ್ಮಟ. ಗೆರೆ ಕಲಿಯಲು ಗುಮ್ಮಟದಂಥದ್ದು ಸಿಗಲ್ಲ, ಒಂದೇ ಒಂದು ಬಾಗು, ಅದು ತಪ್ಪಿದರೆ ಅಲ್ಲೇ ಕಾಣುತ್ತೆ.

ಸಾಲಿನ ಒಂದು ತುದಿಯಲ್ಲಿ ನಿಂತು ನೋಡಿ. ಹತ್ತಿರದ ಗುಮ್ಮಟದ ಅಂಚು ಚೂಪಾಗಿ ಕತ್ತರಿಸಿದಂತಿದೆ. ದೂರದ್ದು ಮಸುಕು, ಬೇಸಿಗೆಯ ಧೂಳಿದ್ದರೆ ಇನ್ನೂ ಮಸುಕು. ಅದನ್ನೇ ಕೈಯಲ್ಲಿ ತನ್ನಿ. ಹತ್ತಿರದ ಗೋರಿಗೆ 6ಬಿ, ಒತ್ತಿ. ನಡುವಿನದಕ್ಕೆ 2ಬಿ. ಕೊನೆಯದಕ್ಕೆ ಎಚ್‌ಬಿ, ಪೆನ್ಸಿಲನ್ನು ತುದಿಯಲ್ಲಿ ಹಿಡಿದು, ಹಾಳೆ ಸೋಕಿಸಿದಂತೆ. ಗೆರೆಯ ದಪ್ಪವೊಂದೇ ದೂರವನ್ನು ಹೇಳಿಬಿಡುತ್ತೆ. ಎಲ್ಲದಕ್ಕೂ ಒಂದೇ ದಪ್ಪದ ಗೆರೆ ಹಾಕಿದರೆ ಹಿಂದಿನ ಗುಮ್ಮಟ ಮುಂದಿನದರ ತಲೆ ಮೇಲೆ ಹತ್ತಿ ಕೂರುತ್ತೆ.

ಒಂದೇ ಗುಮ್ಮಟದೊಳಗೂ ಗೆರೆ ಒಂದೇ ಥರ ಇರಬಾರದು. ಬಿಸಿಲು ಬಿದ್ದ ಕಡೆ, ಬಿಳಿ ಆಕಾಶಕ್ಕೆ ತಿಳಿ ಗುಮ್ಮಟ ತಾಗುವ ಕಡೆ, ಗೆರೆಯನ್ನು ತೆಳುವಾಗಿಸಿ ಬಿಟ್ಟೇಬಿಡಿ. ಹೌದು, ಖಾಲಿ ಬಿಡಿ. ಇನ್ನೊಂದು ಬದಿಯಲ್ಲಿ, ಗುಮ್ಮಟ ಗಾಢ, ಆಕಾಶ ತಿಳಿ, ಅಲ್ಲಿ ಟೋನೇ ಅಂಚು ತೋರಿಸುತ್ತೆ, ಗೆರೆ ಬೇಕಾಗಿಲ್ಲ. ಹಾಗಾದರೆ ಗೆರೆ ಎಲ್ಲಿ ಬೇಕು? ಗುಮ್ಮಟ ಗೋಡೆಯ ಮೇಲೆ ಕೂರುವ ಕಡೆ, ಭಾರ ಇಳಿಯುವ ಕಡೆ. ಕಮಾನಿನ ಒಳಅಂಚಿನಲ್ಲಿ. ಒಂದು ಆಕಾರ ಇನ್ನೊಂದರ ಹಿಂದೆ ಹೋಗಿ ಮರೆಯಾಗುವ ತಿರುವಿನಲ್ಲಿ. ಇಷ್ಟೇ ಕಡೆ ಒತ್ತಿ. ಬಿಟ್ಟ ಜಾಗವನ್ನು ಕಣ್ಣು ಸೇರಿಸಿಕೊಳ್ಳುತ್ತೆ, ಸೇರಿಸಿಕೊಳ್ಳುವ ಕೆಲಸ ಕೊಟ್ಟರೇನೇ ನೋಡುವವರು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲೋದು.

ಇಲ್ಲಿ ಹುಮಾಯೂನ್ ಶಾಹನ ಗೋರಿ ಹುಡುಕಿ. ಸಿಡಿಲು ಬಡಿದು ಅರ್ಧ ಕುಸಿದಿದೆ, ಗುಮ್ಮಟ ಸೀಳಿ ನಿಂತಿದೆ, ಗೋಡೆ ಎಷ್ಟು ದಪ್ಪ ಅನ್ನೋದು ಹೊರಗಿಂದಲೇ ಕಾಣುತ್ತೆ. ಮೂರು ಮೈ ಒಟ್ಟಿಗೆ ಸಿಗುತ್ತೆ: ಹೊರಗಿನ ಉಬ್ಬು, ಒಡೆದ ಒರಟು ಅಂಚು, ಒಳಗಿನ ತಗ್ಗು. ಹೊರಗಿನ ಉಬ್ಬಿಗೆ ಉದ್ದದ, ತಡೆಯಿಲ್ಲದ ಗೆರೆ. ಒಡೆದ ಅಂಚಿಗೆ ಚಿಕ್ಕ, ತಡವರಿಸುವ, ದಿಕ್ಕು ಬದಲಿಸುವ ಗೆರೆ. ಒಳಗಿನ ತಗ್ಗಿಗೆ ಗೆರೆಯೇ ಬೇಡ, ಬರೀ ಟೋನ್. ಒಂದೇ ಚಿತ್ರದಲ್ಲಿ ಮೂರು ದನಿ ಬಂದರೆ ಅದನ್ನು ನೋಡಿದವರಿಗೆ ಕಲ್ಲು ಒಡೆದಿದೆ ಅಂತ ನೀವು ಹೇಳಬೇಕಾಗಿಲ್ಲ.

ಬಾಲ್ ಪೆನ್ ಹಿಡಿದವರು ಟೋನ್ ಹೇಗೆ ತರೋದು? ಗೆರೆಯಿಂದಲೇ. ಪಕ್ಕ ಪಕ್ಕ ಸಣ್ಣ ಗೆರೆಗಳು, ಅದೇ ಹ್ಯಾಚಿಂಗ್. ಹತ್ತಿರ ಹತ್ತಿರ ಹಾಕಿದರೆ ಗಾಢ, ದೂರ ದೂರ ಹಾಕಿದರೆ ತಿಳಿ, ಇನ್ನೂ ಗಾಢ ಬೇಕಾದರೆ ಅಡ್ಡ ಇನ್ನೊಂದು ಸಾಲು. ಎಲ್ಲರಿಗೂ ಇಷ್ಟು ಗೊತ್ತು. ಗೊತ್ತಿಲ್ಲದ್ದು ದಿಕ್ಕಿನ ವಿಷಯ. ಗುಮ್ಮಟದ ಮೇಲಿನ ಹ್ಯಾಚಿಂಗ್ ಗುಮ್ಮಟದ ಮೈ ಹಿಡಿದು ಬಾಗಬೇಕು. ನೇರ ಗೋಡೆಯ ಮೇಲೆ ನೆಟ್ಟಗೆ ಇಳಿಯಬೇಕು. ನೆಲದ ನೆರಳಿಗೆ ಅಡ್ಡ ಮಲಗಬೇಕು. ಮೂರಕ್ಕೂ ಒಂದೇ ಓರೆ ಗೆರೆ ಹಾಕಿದರೆ ಟೋನ್ ಸರಿ ಇದ್ದರೂ ಆಕಾರ ಸುಳ್ಳಾಗುತ್ತೆ.

ಬಿದರಿ ಅಂಗಡಿಯಲ್ಲಿ ಅರ್ಧ ಗಂಟೆ

ವಾಪಸ್ ಊರಿಗೆ ಬಂದು ಬಿದರಿ ಕೆಲಸ ನಡೆಯುವ ಒಂದು ಅಂಗಡಿ ಮುಂದೆ ನಿಲ್ಲಿ. ಕೊಳ್ಳಲೇಬೇಕು ಅಂತಿಲ್ಲ, ಕೆಲಸ ನೋಡಲು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಇಡೀ ಕಲೆ ನಿಂತಿರೋದು ಎರಡೇ ಟೋನಿನ ಮೇಲೆ. ನಮ್ಮ ಪಾಠಕ್ಕೆ ಇದಕ್ಕಿಂತ ಏನು ಬೇಕು?

ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಅದರ ಬಣ್ಣ ಆಗ ಬೆಳ್ಳಿಗೆ ಹತ್ತಿರದ ಬೂದು. ಅದರ ಮೇಲೆ ಗೆರೆ ಎಳೆದರೆ ಕಾಣಲ್ಲ. ಅದಕ್ಕೆ ಮೈಲುತುತ್ತದ ನೀರು ಹಚ್ಚಿ ಮೊದಲು ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಆಮೇಲೆ ಮೊನೆಯಿಂದ ಬಳ್ಳಿ, ಹೂವು ಗೀಚುತ್ತಾರೆ. ನೋಡಿ, ಇಲ್ಲೂ ಮೊದಲು ಟೋನ್, ಆಮೇಲೆ ಗೆರೆ! ಗೀಚಿದ ದಾರಿಯಲ್ಲಿ ಉಳಿಯಿಂದ ಕೊರೆದು, ಬೆಳ್ಳಿ ತಂತಿ ಅಥವಾ ತೆಳು ಬೆಳ್ಳಿ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲ ಒಂದೇ ಬಿಳಿ, ಚಿತ್ರ ಅಳಿಸಿಹೋದ ಹಾಗೆ ಕಾಣುತ್ತೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣು, ನವಸಾಗರ ಸೇರಿಸಿದ ನೀರಿನಲ್ಲಿ ಬಿಸಿ ಕೊಟ್ಟರೆ ಸತುವಿನ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಕಪ್ಪು ಬಂದ ಮೇಲೇ ಬೆಳ್ಳಿಗೆ ಬೆಲೆ.

ಈಗ ಒಂದು ಹೂದಾನಿಯನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ, ತಂತಿಯ ಒಂದೊಂದು ಸುತ್ತೂ ಬೇರೆ ಬೇರೆ. ತೋಳು ಚಾಚಿ ಹಿಡಿದು ಕಣ್ಣು ಕಿರಿದು ಮಾಡಿ. ತಂತಿ ದಟ್ಟವಾಗಿರುವ ಪಟ್ಟಿ ಬೂದು ಆಗುತ್ತೆ, ತಗಡು ಕೂರಿಸಿದ ಎಲೆ ಬಿಳಿಯಾಗೇ ಉಳಿಯುತ್ತೆ, ಖಾಲಿ ಮೈ ಕಪ್ಪು. ಎರಡೇ ಟೋನ್ ಇಟ್ಟುಕೊಂಡು ಮೂರನೆಯದನ್ನು ಗೆರೆಯಿಂದ ಹುಟ್ಟಿಸಿದ್ದಾರೆ. ನಿಮ್ಮ ಬಾಲ್ ಪೆನ್ ಮಾಡುವ ಕೆಲಸವೂ ಅದೇ, ಬಣ್ಣ ಮಾತ್ರ ಅದಲು ಬದಲು.

ಮನೆಗೆ ಹೋಗಿ ಒಂದು ಕಪ್ಪು ಹಾಳೆ, ಒಂದು ಬಿಳಿ ಪೆನ್ಸಿಲ್ ತಗೊಂಡು ಅದೇ ಮಡಕೆಯನ್ನು ಬರೆಯಿರಿ. ಬಿಳಿ ಹಾಳೆಯಲ್ಲಿ ನೆರಳು ಸೇರಿಸುತ್ತಿದ್ದವರು ಈಗ ಬೆಳಕು ಸೇರಿಸಬೇಕು, ನೆರಳು ಇರುವ ಕಡೆ ಕೈ ಹಚ್ಚಲೇಬಾರದು. ಎಷ್ಟು ಕಡಿಮೆ ಬರೆದರೆ ಸಾಕು ಅನ್ನೋದು ಈ ಅಭ್ಯಾಸದಲ್ಲಿ ಗೊತ್ತಾಗುವಷ್ಟು ಬೇರೆ ಯಾವುದರಲ್ಲೂ ಗೊತ್ತಾಗಲ್ಲ. ಕೋಟೆಯೊಳಗಿನ ರಂಗೀನ್ ಮಹಲ್ ತೆರೆದಿದ್ದರೆ ಅಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸವನ್ನೂ ನೋಡಿ ಬನ್ನಿ, ಲೆಕ್ಕ ಅದೇ.

ಯಾರ ಚಿತ್ರ ನೋಡಬೇಕು

ಇಬ್ಬರು ಸಾಕು. ಗೆರೆಗೆ ಉಡುಪಿ ಕಡೆಯ ಕೆ.ಕೆ. ಹೆಬ್ಬಾರ್. ಅವರ ನರ್ತಕಿಯರ ರೇಖಾಚಿತ್ರಗಳಲ್ಲಿ ಟೋನ್ ಇಲ್ಲವೇ ಇಲ್ಲ ಅನ್ನಬಹುದು, ಆದರೂ ಗೆರೆ ಎಲ್ಲಿ ದಪ್ಪಗಾಗುತ್ತೆ, ಎಲ್ಲಿ ತುಂಡಾಗುತ್ತೆ ಅಂತ ಬೆರಳಿಟ್ಟು ನೋಡಿ. ಟೋನಿಗೆ ನಮ್ಮವರೇ ಆದ ಎಸ್.ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ಹೆಸರು ಮಾಡಿದವರು. ಕಲಬುರಗಿಯ ಪಂಡಿತ್ ರಂಗಮಂದಿರಕ್ಕೆ ಕಾರ್ಯಕ್ರಮ ನೋಡಲು ಹೋಗುವವರು ಎಷ್ಟೋ ಮಂದಿ, ಆ ಹೆಸರಿನವರ ಒಂದು ಚಿತ್ರವನ್ನಾದರೂ ನಿಂತು ನೋಡಿದವರು ಕಡಿಮೆ. ಅವರು ಬರೆದ ಒಂದು ಮುಖ ಸಿಕ್ಕರೆ ಕೆನ್ನೆಯ ಅಂಚಿನಲ್ಲಿ ಗೆರೆ ಹುಡುಕಿ. ಬೆಳಕು ಹಿಂದಿನ ಕತ್ತಲೆಗೆ ತಿರುಗೋದೇ ಅಲ್ಲಿ ಅಂಚು.

ಹೆಬ್ಬಾರರನ್ನು ನಕಲು ಮಾಡುವಾಗ ರಬ್ಬರ್ ಬಳಸಬೇಡಿ. ಪಂಡಿತರನ್ನು ನಕಲು ಮಾಡುವಾಗ ಚಿತ್ರವನ್ನು ತಲೆಕೆಳಗು ಇಟ್ಟುಕೊಳ್ಳಿ, ಮುಖ ಅಂತ ಮರೆತು ಬರೀ ಟೋನಿನ ತುಂಡುಗಳು ಕಾಣುತ್ತವೆ.

ಮುಗಿಯಿತಾ ಅಂತ ನೋಡೋದು

ನಿಮ್ಮ ಚಿತ್ರವನ್ನೂ ತಲೆಕೆಳಗು ಮಾಡಿ ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ? ಅತಿ ಕಪ್ಪು ಅತಿ ಬಿಳಿಗೆ ತಾಗುವ ಜಾಗಕ್ಕೇ ಹೋಗುತ್ತೆ. ಆ ಜಾಗ ನೀವು ಹೇಳಬೇಕಾದ ವಿಷಯದ ಮೇಲೆ ಇದೆಯಾ, ಇಲ್ಲಾ ಮೂಲೆಯ ಪೊದೆಯ ಮೇಲೆ ಇದೆಯಾ? ಪೊದೆಯ ಮೇಲಿದ್ದರೆ ಅಲ್ಲಿನ ಬಿಳಿಯನ್ನು ಬೂದು ಮಾಡಿ ಸುಮ್ನಾಗಿಸಿ. ಕಮಾನಿನ ಒಳಗೆ ಇನ್ನೊಂದು ಪದರ ಕಪ್ಪು ಹಚ್ಚಿ. ಆಮೇಲೆ ಬೇಡದ ಗೆರೆ ಎರಡನ್ನಾದರೂ ಹುಡುಕಿ ಅಳಿಸಿ. ಸಿಗಲಿಲ್ಲ ಅಂದರೆ ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಸಿಗುತ್ತವೆ.